ಮೂರಕ್ಷರದ ಮಂತ್ರಗಳು

ಕೆಲವು ವರ್ಷಗಳ ಹಿಂದೆ, ಪುಣೆಯ ಹೊರವಲಯದ ಒಂದು ಕಾರ್ಖಾನೆಯಲ್ಲಿ ನಾನು ಹೊಸ ಸಾಫ್ಟ್‌ವೇರ್ ಬಗ್ಗೆ ಒಂದು ಗಂಟೆ ಮಾತಾಡಿದೆ. ಡಿಜಿಟಲ್ ಟ್ರಾನ್ಸ್‌ಫರ್ಮೇಶನ್, ಎಂಡ್ ಟು ಎಂಡ್, ಇಂಟೆಲಿಜೆಂಟ್ ಎಂಟರ್‌ಪ್ರೈಸ್ ಎಲ್ಲವೂ ಬಂದವು. ಕೊನೆಗೆ ಹಿಂದೆ ಕೂತಿದ್ದ ಸ್ಟೋರ್ಸಿನ ಹಿರಿಯರೊಬ್ಬರು ಮರಾಠಿಯಲ್ಲಿ ಕೇಳಿದರು: “ಸಾಹೇಬ್, ಮುಂದಿನ ವಾರಕ್ಕೆ ಎಷ್ಟು ಬೇರಿಂಗ್ ತರಿಸಬೇಕು ಅಂತ ಇದು ಹೇಳುತ್ತಾ?” ಹೇಳುತ್ತಿತ್ತು. ಆದರೆ ನನ್ನ ಒಂದು ಸ್ಲೈಡಿನಲ್ಲೂ ಆ ಮಾತು ಇರಲಿಲ್ಲ.

ತಮಾಷೆಯೆಂದರೆ, ನಮ್ಮ ಉದ್ಯಮ ಹುಟ್ಟಿದ್ದೇ ಆ ಪ್ರಶ್ನೆಯಿಂದ. 1960ರ ದಶಕದಲ್ಲಿ ಅಮೆರಿಕದ ಜೋಸೆಫ್ ಓರ್ಲಿಕಿ ಮತ್ತಿತರರು ಎಂಆರ್‌ಪಿ, ಅಂದರೆ ‘ಮೆಟೀರಿಯಲ್ ರಿಕ್ವೈರ್‌ಮೆಂಟ್ಸ್ ಪ್ಲಾನಿಂಗ್’ ಎಂಬ ವಿಧಾನವನ್ನು ಕಂಪ್ಯೂಟರಿಗೆ ತಂದರು. ಲೆಕ್ಕ ಸರಳ. 100 ಸೈಕಲ್‌ಗೆ 200 ಚಕ್ರ ಬೇಕು. ಸ್ಟಾಕಿನಲ್ಲಿ 50 ಇವೆ. ಇನ್ನು 150 ತರಿಸಬೇಕು. ಬರಲು ಎರಡು ವಾರವಾದರೆ ಎರಡು ವಾರ ಮೊದಲೇ ಆರ್ಡರ್ ಹಾಕಬೇಕು. ಹೆಸರು ಕೇಳಿದರೆ ಕೆಲಸ ತಿಳಿಯುತ್ತಿತ್ತು.

ಆಮೇಲೆ ಆಲಿವರ್ ವೈಟ್ ಯಂತ್ರ, ಆಳು, ಹಣವನ್ನೂ ಈ ಲೆಕ್ಕಕ್ಕೆ ಸೇರಿಸಿ ‘ಎಂಆರ್‌ಪಿ 2’ ಎಂದರು. ಅಕ್ಷರ ಅವೇ ಮೂರು, ಅರ್ಥ ಮಾತ್ರ ‘ಮ್ಯಾನುಫ್ಯಾಕ್ಚರಿಂಗ್ ರಿಸೋರ್ಸ್ ಪ್ಲಾನಿಂಗ್’! ಗೊಂದಲದ ಮೊದಲ ಬೀಜ ಇದು. 1990ರಲ್ಲಿ ಗಾರ್ಟ್ನರ್ ಎಂಬ ಸಲಹಾ ಸಂಸ್ಥೆ ‘ಇಆರ್‌ಪಿ’ ಎಂದು ಹೆಸರಿಟ್ಟಿತು. 1992ರಲ್ಲಿ ಜರ್ಮನಿಯ ಸ್ಯಾಪ್ ಕಂಪನಿಯ ಆರ್/3 ಬಂತು. ಸರಕು ಗಟ್ಟಿಯಾಗಿತ್ತು: ಸ್ಟೋರ್ಸಿನಲ್ಲಿ ಒಮ್ಮೆ ನಮೂದಿಸಿದ್ದು ಅಕೌಂಟ್ಸಿನಲ್ಲೂ ಕಾಣುತ್ತಿತ್ತು. ಆದರೆ ಹೆಸರಿನಲ್ಲಿರುವ ‘ಪ್ಲಾನಿಂಗ್’ಗಿಂತ, ನಡೆದುಹೋದದ್ದರ ದಾಖಲೆಯೇ ಅದರಲ್ಲಿ ಹೆಚ್ಚು.

ಪದ ದೊಡ್ಡದಾದಂತೆ ಅಪಾಯವೂ ದೊಡ್ಡದಾಯಿತು. 1999ರಲ್ಲಿ ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ ಇಆರ್‌ಪಿ, ಸಿಆರ್‌ಎಂ, ಸಪ್ಲೈ ಚೈನ್ ಮೂರನ್ನೂ ಹ್ಯಾಲೋವೀನ್ ಸೀಸನ್ನಿನ ಹೊಸ್ತಿಲಲ್ಲಿ ಒಟ್ಟಿಗೆ ಚಾಲೂ ಮಾಡಿತು. ಗೋದಾಮಿನಲ್ಲಿ ಚಾಕೊಲೇಟ್ ಇತ್ತು, ಅಂಗಡಿಗೆ ತಲುಪಲಿಲ್ಲ. ಸುಮಾರು 10 ಕೋಟಿ ಡಾಲರ್ ಮೌಲ್ಯದ ಆರ್ಡರ್‌ಗಳು ಪೂರೈಕೆಯಾಗದೆ ಉಳಿದವು.

‘ಕ್ಲೌಡ್’ ಕಥೆಯೂ ಹೀಗೇ. ಬೇರೆಯವರ ಕಂಪ್ಯೂಟರನ್ನು ಬಾಡಿಗೆಗೆ ಪಡೆಯುವುದು 1960ರ ದಶಕದಲ್ಲಿ ಟೈಮ್‌ಶೇರಿಂಗ್ ಆಗಿತ್ತು, 90ರ ದಶಕದ ಕೊನೆಗೆ ಎಎಸ್‌ಪಿ, ಆಮೇಲೆ ಸಾಸ್. ತಂತ್ರ ಪ್ರತಿ ಸಲ ಸುಧಾರಿಸಿದ್ದು ನಿಜ; ಆದರೆ ಹೆಸರು ತಂತ್ರಕ್ಕಿಂತ ವೇಗವಾಗಿ ಓಡಿತು. 2008ರಲ್ಲಿ ಒರಾಕಲ್‌ನ ಲ್ಯಾರಿ ಎಲಿಸನ್ ‘ಕ್ಲೌಡ್’ ಪದವನ್ನು ಬರೀ ಫ್ಯಾಶನ್ ಎಂದು ಬಹಿರಂಗವಾಗಿ ಗೇಲಿ ಮಾಡಿದರು. 2012ರಲ್ಲಿ ಅವರ ಕಂಪನಿಯೇ ‘ಒರಾಕಲ್ ಕ್ಲೌಡ್’ ಘೋಷಿಸಿತು.

ಯಾಕೆ ಹೀಗೆ? ಈ ಸಾಫ್ಟ್‌ವೇರನ್ನು ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಹೊಸ ಹೆಸರು ಕೊಳ್ಳುವವರಿಗೆ ‘ನಿಮ್ಮದು ಹಳತಾಯಿತು’ ಎಂದು ಹೆದರಿಸುತ್ತದೆ. ಬಳಸುವವರ ಪ್ರಶ್ನೆಗೆ ಉತ್ತರ ಕೊಡಬೇಕಾಗಿಲ್ಲ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬಂತೆ.

ಪುಣೆಯ ಆ ಕಾರ್ಖಾನೆಯಲ್ಲಿ ಒಂದೇ ಬೇರಿಂಗಿಗೆ ನಾಲ್ಕು ಕೋಡ್‌ಗಳಿದ್ದವು. ಅದನ್ನು ಸರಿಪಡಿಸುವ ಕೆಲಸಕ್ಕೆ ಆಕರ್ಷಕ ಹೆಸರಿರಲಿಲ್ಲ. ಹಾಗಾಗಿ ಬಜೆಟ್ಟಿನಲ್ಲಿ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ನಾನೂ ಒಪ್ಪಿ ಸಹಿ ಹಾಕಿದೆ. ಸಿಸ್ಟಮ್ ಚಾಲೂ ಆದ ಎರಡನೇ ವಾರ ಕಪಾಟಿನಲ್ಲಿ ಬೇರಿಂಗ್ ಇತ್ತು, ಸ್ಕ್ರೀನಿನಲ್ಲಿ ಸೊನ್ನೆ. ಲೈನ್ ಎರಡು ದಿನ ನಿಂತಿತು. ಬೈಗುಳ ತಿಂದವರು ಆ ಸ್ಟೋರ್ಸಿನ ಹಿರಿಯರು.

ಈಗ ‘ಎಐ ಏಜೆಂಟ್’ಗಳ ಸರದಿ. ಪ್ರಸ್ತಾವನೆ ಬರೆಯುವಾಗ ಮೊದಲ ಪುಟದಲ್ಲಿ ನಾನೀಗ ಒಂದೇ ವಾಕ್ಯ ಕೇಳುತ್ತೇನೆ: ಸೋಮವಾರ ಬೆಳಿಗ್ಗೆ ಯಾರ ಯಾವ ಕೆಲಸ ಇದರಿಂದ ಸುಲಭವಾಗುತ್ತದೆ? ಅದಕ್ಕೆ ಉತ್ತರ ಬರುವವರೆಗೆ ಎರಡನೇ ಪುಟ ಬರೆಯುವುದಿಲ್ಲ.