ಹಲಗಿ, ಪ್ಲೇಟು, ರೇಡಿಯೋ: ನಮ್ಮ ಕಿವಿಗಳ ಚರಿತ್ರೆ

ಸ್ವಲ್ಪ ಉದ್ದ ಐತಿ, ಬಿಡುವು ಮಾಡ್ಕೊಂಡು ಓದ್ರಿ.

ಹಾಡಿನ ಹುಚ್ಚಿರೋ ಗೆಳೆಯರು ಸೇರಿದಾಗ "ಈಗೀಗ ಏನು ಕೇಳಾಕತ್ತೀರಿ?" ಅಂತ ಒಬ್ಬರನ್ನೊಬ್ಬರು ವಿಚಾರಿಸ್ತಾರಲ್ಲ, ಅದು ಭಾಳ ಚಂದದ ಪ್ರಶ್ನೆ. ಒಬ್ಬರು ಮನ್ಸೂರ್ ಅಂತಾರೆ, ಒಬ್ಬರು ಭೀಮಸೇನ ಜೋಶಿ, ಇನ್ನೊಬ್ಬರು ಹಳೇ ರಾಜ್‌ಕುಮಾರ್ ಹಾಡು. ನನಗೆ ಮಾತ್ರ ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬರ್ತದೆ. ನಮ್ಮ ಜನಕ್ಕೆ ಕೂತು ಹಾಡು ಕೇಳೋದು ಯಾವಾಗಿನಿಂದ ಸಾಧ್ಯ ಆಯ್ತು? ವೇದ ಕೇಳಿಸಿಕೊಂಡ ಶೂದ್ರನ ಕಿವಿಗೆ ಕಾದ ತವರ, ಅರಗು ಸುರಿಯಬೇಕು ಅಂತ ಗೌತಮ ಧರ್ಮಸೂತ್ರದಲ್ಲಿ ಬರೆದಿಟ್ಟಿದ್ದಾರೆ. ಅಂದರೆ ಈ ನಾಡಿನಲ್ಲಿ ಬಾಯಿಗೆ ಮೊದಲೇ ಬೀಗ ಬಿದ್ದಿದ್ದು ಕಿವಿಗೆ.

ನಮ್ಮ ಕೊಪ್ಪಳದ ಕಡೆ ಸಂಗೀತದ ಚರಿತ್ರೆ ಬರೆಯೋರು ಹೊಳೆ ದಾಟಿ ಹಂಪಿಗೆ ಹೋಗ್ತಾರೆ. ವಿಜಯನಗರ, ಪುರಂದರದಾಸರು, 1550ರಲ್ಲಿ ರಾಮಾಮಾತ್ಯ ಬರೆದ ಸ್ವರಮೇಳಕಲಾನಿಧಿ, ವಿಠ್ಠಲ ಗುಡಿಯ ಸಪ್ತಸ್ವರದ ಕಂಬಗಳು. ಎಲ್ಲ ಸರಿ. ಆದರೆ ಅದೇ ಹೊಳೆಯ ಈ ದಂಡೆಗೆ ಆನೆಗೊಂದಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಒಂದೊಂದು ಕೇರಿಯಲ್ಲೂ ತೊಗಲು ಬಿಗಿದು, ಬೆಂಕಿಗೆ ಕಾಸಿ, ಹದ ಮಾಡಿ ಬಾರಿಸಿದ ಹಲಗಿ ಆ ಪುಸ್ತಕಗಳಲ್ಲಿ ಇಲ್ಲ. ಕಲ್ಲು ನುಡಿದರೆ ಚರಿತ್ರೆ, ತೊಗಲು ನುಡಿದರೆ ಗದ್ದಲ ಅಂತ ಲೆಕ್ಕ.

ಹಲಗಿ ಬಗ್ಗೆ ಗೊತ್ತಿಲ್ಲದ ಹೊಸ ಹುಡುಗರಿಗಾಗಿ ಹೇಳ್ತೀನಿ. ಅದೊಂದು ಬರೀ 'ಡಬ್ ಡಬ್' ಅಲ್ಲ. ಮದುವೆ ಮೆರವಣಿಗೆಯ ಹೊಡೆತ ಬೇರೆ, ಹೆಣದ ಮುಂದಿನದು ಬೇರೆ, ಡಂಗುರದ್ದು ಬೇರೆ, ದೇವರ ಪಲ್ಲಕ್ಕಿ ಮುಂದಿನದು ಬೇರೆ. ಕೇರಿಯಲ್ಲಿ ಕೂತ ಮುದುಕಿ ಹೊರಗೆ ಬಂದು ನೋಡದೇನೇ, ಯಾರ ಓಣ್ಯಾಗ ಏನಾಗೇತಿ ಅಂತ ಹಲಗಿ ಸಪ್ಪಳದ ಮೇಲೇ ಹೇಳ್ತಿದ್ದಳು. ಎಂಥ ಕಿವಿ ನೋಡ್ರಿ! ಅದಕ್ಕೆ ಯಾವ ಸಂಗೀತಶಾಲೆ ಪದವಿ ಕೊಟ್ಟಿತ್ತು? ಬಾರಿಸಿದವನಿಗೆ ಸಿಕ್ಕಿದ್ದು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಉಡಿಯೊಡ್ಡಿ ಇಸ್ಕೊಳ್ಳೋ ಆಯ. ಅದೂ ಬೇಡಿದ ಹಾಗೆ, ದುಡಿದ ಹಾಗಲ್ಲ. ನಮ್ಮ ತಾತ ಜಾತ್ರೆಯ ತೇರಿನ ಮುಂದೆ ಬೆಳತನಕ ಬಾರಿಸಿದವನು. ತೇರು ಎಳೆಯೋ ಹಗ್ಗ ಮುಟ್ಟಿದವನಲ್ಲ. ಮಾದರ ಕೈಯಲ್ಲಿ ಹಲಗಿ, ಚಲವಾದಿಯ ಕೈಯಲ್ಲಿ ಗಂಟೆ ಬಟ್ಟಲು. ಮೆರವಣಿಗೆಗೆ ಇಬ್ಬರೂ ಮುಂದೆ, ಪಂಕ್ತಿಗೆ ಇಬ್ಬರೂ ಹೊರಗೆ.

ಒಂದು ಹಬ್ಬ ಮಾತ್ರ ಬೇರೆ ಥರ ಇತ್ತು, ಈಗಲೂ ಅಷ್ಟಿಷ್ಟು ಐತಿ. ಮೊಹರಂ. ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವಾಗ ಹಲಗಿ ನಮ್ಮದು, ರಿವಾಯತ್ ಪದ ಕನ್ನಡದ್ದು, ಕತೆ ಕರ್ಬಲಾದ್ದು. ಅಲ್ಲಿ ಹಾಡಿದವರೇ ಕೇಳಿದವರು, ಕೇಳಿದವರೇ ಕುಣಿದವರು. ಅಲ್ಲೂ ಜಾತಿ ಪೂರಾ ಸತ್ತಿತ್ತು ಅಂತ ನಾನು ಹೇಳಲ್ಲ. ಆದರೆ ಬೆಂಕಿಯ ಸುತ್ತ ಸುತ್ತುವಾಗ ಯಾರು ಮುಂದೆ ಯಾರು ಹಿಂದೆ ಅಂತ ಲೆಕ್ಕ ಇಡೋದು ಕಷ್ಟ.

ಇನ್ನು ಪ್ಲೇಟಿನ ಕತೆ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡಿದ್ದು ಪ್ಲೇಟಾಯ್ತು. ಮಾನವಂತರ ಮನೆಯ ಹೆಣ್ಣುಮಕ್ಕಳು ಪ್ಲೇಟಿಗೆ ಹಾಡೋಕೆ ಬರಲಿಲ್ಲ. ಬಂದವರು ತವಾಯಿಫರು, ದೇವದಾಸಿ ಮನೆತನದವರು. ಸಮಾಜ ಯಾರನ್ನು ಹೊಸ್ತಿಲ ಹೊರಗಿಟ್ಟಿತ್ತೋ ಅವರ ದನಿ ಪ್ಲೇಟಿನೊಳಗಿಂದ ಸೀದಾ ಪಡಸಾಲೆಗೆ ಹೋಯ್ತು. ನಮ್ಮ ಸೀಮೆಯ ಉದಾಹರಣೆ ಬೇಕಂದ್ರೆ ಗಂಗೂಬಾಯಿ ಹಾನಗಲ್. 1932ರಲ್ಲಿ ಎಚ್ಎಂವಿ ಕಂಪನಿ ಅವರ ಪ್ಲೇಟು ತಂದಾಗ ಅದರ ಮೇಲಿದ್ದ ಹೆಸರು 'ಗಾಂಧಾರಿ ಹುಬ್ಳಿ'. ಅವರು ದಲಿತರಲ್ಲ, ಗಂಗಾಮತದವರು. ಆದರೆ ಅವಮಾನದ ರುಚಿ ಗೊತ್ತಿದ್ದವರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಮುಂದೆ ಸ್ವಾಗತಗೀತೆ ಹಾಡಿದ ಮಕ್ಕಳಲ್ಲಿ ಅವರೂ ಒಬ್ಬರು. ಹನ್ನೊಂದು ವರ್ಷದ ಹುಡುಗಿಗೆ ಹಾಡು ತಪ್ಪೀತು ಅನ್ನೋ ಭಯ ಇರಲಿಲ್ಲ. ಊಟ ಆದಮೇಲೆ ತನಗೆ ಎಲ್ಲಿ ಎಂಜಲೆಲೆ ಎತ್ತಿಸ್ತಾರೋ ಅನ್ನೋ ಭಯ ಇತ್ತು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. 2002ರಲ್ಲಿ ಪದ್ಮವಿಭೂಷಣ ಬಂತು. ಪದ್ಮವಿಭೂಷಣದ ಸುದ್ದಿ ಎಲ್ಲರಿಗೂ ಗೊತ್ತು, ಎಂಜಲೆಲೆಯ ಸುದ್ದಿ ಎಷ್ಟು ಜನಕ್ಕೆ ಗೊತ್ತು?

ರೇಡಿಯೋ ಬಂದಾಗಲೂ ಇದೇ ಜಗ್ಗಾಟ. 1946ರ ಸುಮಾರಿಗೆ ವಲ್ಲಭಭಾಯಿ ಪಟೇಲರು ಆ ಖಾತೆ ನೋಡುವಾಗ 'ಅಂಥ' ಮನೆತನದ ಹೆಣ್ಣುಮಕ್ಕಳಿಗೆ ಆಕಾಶವಾಣಿಯ ಬಾಗಿಲು ಮುಚ್ಚಿದರು. ಆಮೇಲೆ ಮಂತ್ರಿಯಾದ ಕೇಸ್ಕರ್ ಸಿನಿಮಾ ಹಾಡನ್ನೇ ದೂರ ಇಟ್ಟರು, ಜನ ರೇಡಿಯೋ ಸಿಲೋನ್ ಕಡೆ ತಿರುಗಿಸಿದರು, ಕೊನೆಗೆ 1957ರಲ್ಲಿ ವಿವಿಧ ಭಾರತಿ ತರಲೇಬೇಕಾಯ್ತು. ನಾವು ನಿಜಾಮನ ಸೀಮೆಯವರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ ಮಾತು ಹೈದರಾಬಾದಿನ ರೇಡಿಯೋದಲ್ಲೇ ಬಂತು. ಧಾರವಾಡ ಕೇಂದ್ರ 1950ರಲ್ಲಿ ಶುರುವಾಯ್ತು, ಕಲಬುರ್ಗಿಯದು 1966ರಲ್ಲಿ. ಆದರೆ ಕೇರಿಗೆ ರೇಡಿಯೋ ಎಲ್ಲಿತ್ತು? ಊರ ಹೋಟೆಲ್ಲಿನಲ್ಲಿತ್ತು. ನಮ್ಮೂರಿನ ಹೋಟೆಲ್ಲಿನ ಬೆಂಚಿಗೆ ನಮ್ಮಪ್ಪನಿಗೆ ಪ್ರವೇಶ ಇರಲಿಲ್ಲ. ಹೊರಗಿನ ಕಲ್ಲಿನ ಮೇಲೆ ಕೂತು, ತನ್ನ ಕಪ್ಪು ತಾನೇ ತೊಳೆದಿಟ್ಟು ಹಾಡು ಕೇಳಿ ಬರ್ತಿದ್ದ. ದನಿಗೆ ಮೈಲಿಗೆ ಅಂಟಲಿಲ್ಲ, ಗೋಡೆ ದಾಟಿ ಬರ್ತಿತ್ತು. ಅವನಿಗೆ ನೂರಾರು ಹಾಡು ಬಾಯಿಪಾಠ. ಒಂದೂ ಕುರ್ಚಿ ಮೇಲೆ ಕೂತು ಕೇಳಿದ್ದಲ್ಲ.

ಸಿನಿಮಾ ಟೆಂಟು ಮೊದಲ ಸಲ ರೊಕ್ಕ ಇಸ್ಕೊಂಡು ಜಾತಿ ಕೇಳದೆ ಒಳಗೆ ಬಿಟ್ಟಿತು. ಇದು ಸಣ್ಣ ವಿಷಯ ಅಲ್ಲ. ಎಷ್ಟು ಸಣ್ಣದಲ್ಲ ಅಂತ ಮರಕುಂಬಿ ನೆನೆಸಿಕೊಳ್ರಿ. 2014ರ ಆಗಸ್ಟ್, ಗಂಗಾವತಿಯ ಟಾಕೀಸಿನಲ್ಲಿ ಸಿನಿಮಾ ನೋಡೋಕೆ ಹೋದಲ್ಲಿ ಶುರುವಾದ ಜಗಳ, ಊರಿಗೆ ಬಂದು ದಲಿತರ ಗುಡಿಸಲಿಗೆ ಬೆಂಕಿಯಾಯ್ತು. ಅದಕ್ಕೂ ಮುಂಚೆ ಅದೇ ಊರಲ್ಲಿ ಹೋಟೆಲ್ಲು, ಕ್ಷೌರದಂಗಡಿಯ ಪ್ರಶ್ನೆ ಇದ್ದೇ ಇತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಕೋರ್ಟು 101 ಜನರಿಗೆ ಶಿಕ್ಷೆ ಕೊಟ್ಟಿತು, ಅದರಲ್ಲಿ 98 ಜನಕ್ಕೆ ಜೀವಾವಧಿ. ಮುಂದೆ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನೂ ಆಯ್ತು. ಟಾಕೀಸಿನ ಕುರ್ಚಿಗೆ ಜಾತಿ ಇಲ್ಲ ಅನ್ನೋರು ಒಮ್ಮೆ ಆ ಊರಿಗೆ ಹೋಗಿ ಬರ್ರಿ.

ಈಗ ನಮ್ಮೊಳಗಿನ ಜಗಳಕ್ಕೆ ಬರ್ತೀನಿ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದಾಗ ಹಾಡೇ ಅರ್ಧ ಸಂಘಟನೆ. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಪುಸ್ತಕ ನೋಡದವರೂ ಅದನ್ನು ಹಾಡಿದರು. ಅದೇ ಹೊತ್ತಿಗೆ ಹಲಗಿ ಏನು ಮಾಡೋಣ ಅನ್ನೋ ಪ್ರಶ್ನೆ ಎದ್ದಿತು. ಹೆಣದ ಮುಂದೆ ಬಾರಿಸಲ್ಲ, ಬಿಟ್ಟಿ ಬಾರಿಸಲ್ಲ ಅಂತ ಎಷ್ಟೋ ಊರಲ್ಲಿ ಹಲಗಿ ಕೆಳಗಿಟ್ಟರು, ಅದಕ್ಕೆ ಬಹಿಷ್ಕಾರ ತಿಂದರು. ಆಮೇಲೆ ಅದೇ ಹಲಗಿ, ಅದೇ ತಮಟೆ, ಹೋರಾಟದ ವೇದಿಕೆ ಹತ್ತಿತು. ಇದು ವಿರೋಧಾಭಾಸ ಅಂತ ಕೆಲವರು ಹಂಗಿಸ್ತಾರೆ. ನನಗೆ ಹಾಗೆ ಕಾಣಲ್ಲ. ಗೌಡ ಹೇಳಿ ಕಳಿಸಿದಾಗ ಬಾರಿಸೋದು ಚಾಕರಿ, ನನಗೆ ಬೇಕಾದಾಗ ಬಾರಿಸೋದು ಸಂಗೀತ. ತೊಗಲು ಅದೇ, ಕರೆಯೋ ದನಿ ಬೇರೆ.

ಚೌಡಿಕೆ ವಿಷಯದಲ್ಲಿ ಮಾತ್ರ ನನಗೆ ಇಷ್ಟು ಸಲೀಸಾಗಿ ಹೇಳೋಕಾಗಲ್ಲ. ಹುಲಿಗಿ ಹುಣ್ಣಿವೆಗೆ ಹೋದಾಗ ಜೋಗತಿಯರ ಪದ ಕಿವಿಗೆ ಬಿದ್ದರೆ ಕಾಲು ನಿಂತುಬಿಡ್ತದೆ. ಆದರೆ ಆ ಚೌಡಿಕೆ ಬಹಳ ಹೆಣ್ಣುಮಕ್ಕಳ ಕೈಗೆ ಬಂದಿದ್ದು ಮುತ್ತು ಕಟ್ಟಿದ ಮೇಲೆ. ಕಟ್ಟಿಸಿಕೊಂಡ ಹೆಚ್ಚಿನವರು ನಮ್ಮ ಕೇರಿಯವರು. 1982ರ ಕಾಯ್ದೆ ಮುತ್ತು ಕಟ್ಟೋದನ್ನು ಅಪರಾಧ ಅಂದಿತು, ಬೇಕಾಗಿತ್ತು. ಹಾಗಂತ ಆ ಪದಗಳನ್ನೂ ಹೊಳೆಗೆ ಎಸೆಯೋಣ ಅಂದರೆ ಅವರ ಬದುಕಿನ ಒಂದೇ ಒಂದು ಸ್ವಂತ ಆಸ್ತಿಯನ್ನೂ ಕಿತ್ತುಕೊಂಡಂಗ. ಹುಲಿಗಿಯಲ್ಲೇ ದೀಕ್ಷೆಯಾದ ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ತಗೊಂಡರು. ನನಗೆ ಖುಷಿಯಾಯ್ತು. ಅದೇ ಹೊತ್ತಿಗೆ, ಪ್ರಶಸ್ತಿ ಇಲ್ಲದೆ ಮಾಸಾಶನದ ಅರ್ಜಿ ಹಿಡಿದು ಅಲೆಯೋ ತಾಯಂದಿರ ಮುಖವೂ ಕಣ್ಣ ಮುಂದೆ ಬಂತು.

ಸರಿ, ನಾನು ಈಗ ಏನು ಕೇಳ್ತಿದೀನಿ? ದರೋಜಿ ಈರಮ್ಮನನ್ನ. ಬುಡ್ಗ ಜಂಗಮರ ಈ ಅವ್ವ ಅಕ್ಷರ ಕಲಿತವರಲ್ಲ. ರಾತ್ರಿಗಟ್ಟಲೆ ಹಾಡುವ ಹತ್ತಾರು ಕಾವ್ಯ ತಲೆಯಲ್ಲಿದ್ದವು. ಹಂಪಿ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಪುಸ್ತಕ ಮಾಡಿತು, ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಕುಮಾರರಾಮನ ಕತೆ ನಡೆದಿದ್ದು ನಮ್ಮ ಗಂಗಾವತಿ ತಾಲೂಕಿನ ಕುಮ್ಮಟದುರ್ಗದಲ್ಲಿ. ಆ ಕೋಟೆ ಬಿದ್ದಿದ್ದು 1327ರ ಸುಮಾರಿಗೆ. ಆರುನೂರು ಚಿಲ್ಲರೆ ವರ್ಷ ಅದನ್ನು ಬೀಳದ ಹಾಗೆ ಹಿಡಿದಿಟ್ಟಿದ್ದು ಅಲೆಮಾರಿಗಳ ಗಂಟಲು. ಕಥೆಗಿಂತ ನನಗೆ ಅವರು ಉಸಿರು ತಗೊಳ್ಳೋ ಜಾಗ ಇಷ್ಟ. ಸಾಲು ಮುಗಿಯೋಕೆ ಮುಂಚೆ, ನಡುವೆ ಎಲ್ಲೋ ಸರಕ್ಕನೆ ಎಳೆದುಕೊಳ್ತಾರೆ, ಹಿಂದಿನ ದನಿಗಳು ಅಷ್ಟರಲ್ಲಿ ಸಾಲನ್ನು ಎತ್ತಿಕೊಂಡಿರ್ತವೆ.

ಹುಡುಗರು ಏಪ್ರಿಲ್ 14ಕ್ಕೆ ಡಿಜೆ ಹಾಕ್ತಾರೆ. ಹಾಕಲಿ, ನಾನು ಬೇಡ ಅನ್ನಲ್ಲ. ಪಿಟೀಲು ಕಲಿತ ಬಾಬಾಸಾಹೇಬರು ಇದ್ದಿದ್ದರೆ ಸ್ವಲ್ಪ ಸೌಂಡು ಕಮ್ಮಿ ಮಾಡ್ರಪ್ಪ ಅಂತಿದ್ದರೇನೋ, ಅಷ್ಟೇ. ಆದರೆ ಡಿಜೆ ಗಾಡಿಯ ಹಿಂದೆ ಹಲಗಿಯ ಹಿರಿಯರು ಸುಮ್ಮನೆ ನಡೆದು ಬರೋದು ನೋಡಿದರೆ ಹೊಟ್ಟೆ ಉರೀತದೆ. ಅದಕ್ಕೇ ಕೇಳ್ಕೊಳ್ಳೋದು: ನಿಮ್ಮ ಕೇರಿಯಲ್ಲಿ ಎಪ್ಪತ್ತು ದಾಟಿದ ಹಲಗಿಯವರು, ಪದ ಹೇಳೋ ಅವ್ವಂದಿರು ಇದ್ದರೆ ಈ ವಾರವೇ ಹೋಗ್ರಿ. ಕುರ್ಚಿ ಹಾಕಿ ಕೂರಿಸ್ರಿ. ಮೊಬೈಲಿನಲ್ಲಿ ಪೂರ್ತಿ ಹಿಡೀರಿ, ಅರ್ಧ ನಿಮಿಷದ ರೀಲ್ಸ್ ಅಲ್ಲ. ಯಾವ ಹೊಡೆತ ಯಾವುದಕ್ಕೆ ಅಂತ ಅವರ ಬಾಯಿಂದಲೇ ಹೇಳಿಸ್ರಿ. ಅವರು ಒಪ್ಪಿದರೆ ಹೆಸರು, ಊರು, ಯಾರಿಂದ ಕಲಿತರು ಅನ್ನೋದನ್ನೂ ಬರೀರಿ. ಗಂಗಾವತಿ ಕಡೆಯವರು ನನ್ನ ಜೊತೆ ಬರೋದಾದರೆ ಇನ್‌ಬಾಕ್ಸಿಗೆ ಬರ್ರಿ, ಭಾನುವಾರ ಹೊರಡ್ತೀನಿ.