ಟ್ರಸ್ಟ್ ಬೋರ್ಡಿನ ಊರು

ಮೈಸೂರಿನ ಹಳೆಯ ಮೊಹಲ್ಲಾಗಳ ಇಕ್ಕಟ್ಟಿನಿಂದ ಹೊರಟು, 1891ರಲ್ಲಿ ನಂಜನಗೂಡಿಗೆ ಹಾಕಿದ ರೈಲುಹಾದಿಯನ್ನು ಪಡುವಣಕ್ಕೆ ದಾಟಿ ಸರಸ್ವತಿಪುರಂ ಪ್ರವೇಶಿಸುವವನಿಗೆ, ಬೀದಿಗಳು ಒಮ್ಮೆಗೇ ನೆಟ್ಟಗಾಗಿ ಸಂಖ್ಯಾನುಕ್ರಮದಲ್ಲಿ ಸಾಗುವುದು ಕಾಣುತ್ತದೆ. ಈ ಋಜುತ್ವದ ಮೂಲವನ್ನು ಶಿಲ್ಪಶಾಸ್ತ್ರದಲ್ಲಿ ಅರಸುವುದಕ್ಕಿಂತ ಒಂದು ಮಹಾಮಾರಿಯಲ್ಲಿಯೂ ಒಂದು ಶಾಸನದಲ್ಲಿಯೂ ಅರಸುವುದು ಯುಕ್ತ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡು ವರ್ಷಗಳಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ಗಾಳಿ ಬೆಳಕುಗಳಿಲ್ಲದ ಕೇರಿಗಳನ್ನು ಒಡೆದು ನಗರವನ್ನು ಹೊರಕ್ಕೆ ಹರಡುವುದು ಪುರಸಭೆಯ ಅಲ್ಪ ಆದಾಯಕ್ಕೆ ನಿಲುಕದ ಕಾರ್ಯವೆಂದು ಬಗೆದ ಮುಂಬಯಿ ಸರಕಾರವು, 1898ರಲ್ಲಿ, ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಹಾಗೂ ಸಾಲಪತ್ರಗಳನ್ನು ಹೊರಡಿಸಿ ಹಣವೆತ್ತುವ ಅಧಿಕಾರವುಳ್ಳ ಪ್ರತ್ಯೇಕ ಟ್ರಸ್ಟೊಂದನ್ನು ಕಾಯಿದೆಯ ಮೂಲಕ ರಚಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಭಾರವನ್ನು ವಹಿಸಿಕೊಂಡ ಮರುವರ್ಷವೇ, ಅಂದರೆ 1903ರಲ್ಲಿ, ಪಿ. ಎನ್. ಕೃಷ್ಣಮೂರ್ತಿಯವರ ದಿವಾನಗಿರಿಯಲ್ಲಿ, ಮೈಸೂರು ನಗರಕ್ಕೂ ಅಂಥ ಶಾಸನ ದೊರೆಯಿತು. ಕಲಕತ್ತೆಯಂಥ ಮಹಾನಗರವು ಇಂಥ ಟ್ರಸ್ಟಿಗಾಗಿ 1912ರವರೆಗೆ ಕಾಯಬೇಕಾಯಿತೆಂಬುದು ಮೈಸೂರಿಗರು ಹೆಮ್ಮೆಪಡಬಹುದಾದ ಸಂಗತಿ. ಜನ ಈ ಸಂಸ್ಥೆಯನ್ನು ಟ್ರಸ್ಟ್ ಬೋರ್ಡ್ ಎಂದರು, ಮುಂದೆ ಸಿ.ಐ.ಟಿ.ಬಿ. (ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್) ಎಂದರು.

ಬಡಾವಣೆಯ ಅರ್ಥಶಾಸ್ತ್ರ ಸರಳವಾದದ್ದು. ಹೊಲವನ್ನು ಕೊಂಡು, ರಸ್ತೆ, ಚರಂಡಿ, ಕಸ-ಮಲ ಸಾಗಿಸಲು ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿ ಇವುಗಳಿಗೆ ಜಾಗ ಬಿಟ್ಟು, ಉಳಿದುದನ್ನು ನಿವೇಶನಗಳಾಗಿ ಹಂಚಿದರೆ, ನೆಲದ ಬೆಲೆಯ ಏರಿಕೆಯೇ ಆ ರಸ್ತೆಗಳ ಖರ್ಚನ್ನು ತೀರಿಸುತ್ತದೆ. ಕುಕ್ಕರಹಳ್ಳಿ ಕೆರೆಯ ತಗ್ಗಿನಲ್ಲಿ, 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ನೆರೆಯಲ್ಲಿ ಹೀಗೆ ಬೆಳೆದ ಸರಸ್ವತಿಪುರಂ ಬಡಾವಣೆಯು ಅಧ್ಯಾಪಕರಿಗೆ ಪ್ರಿಯವಾದುದು ಸಹಜವೇ. ವಾಗ್ದೇವಿಯ ಹೆಸರಿನ ಪುರಕ್ಕೆ ಬೇರೆ ಒಕ್ಕಲು ಸಲ್ಲದು ಎನ್ನುವ ರಸಿಕರೂ ಉಂಟು!

1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯು ಹಳೆಯ ಬೋರ್ಡನ್ನು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರವಾಗಿ (ಮುಡಾ) ಮಾರ್ಪಡಿಸಿತಾದರೂ ಮೂಲತತ್ತ್ವವನ್ನು ಕೈಬಿಡಲಿಲ್ಲ. ಆ ಕಾಯಿದೆಯ ಪ್ರಕಾರ ಪ್ರಾಧಿಕಾರವು ಸರಕಾರದ ಅನುಮತಿಯಿಂದ ಸಾಲವೆತ್ತಬಹುದು. ಯೋಜನೆಯಿಂದ ಬೆಲೆಯೇರಿದ ಸ್ವತ್ತಿನ ಮೇಲೆ ಸುಧಾರಣಾ ತೆರಿಗೆಯನ್ನೂ ವಿಧಿಸಬಹುದು. ಇಷ್ಟು ದೊಡ್ಡ ಅಧಿಕಾರವು ಮತದಾರರಿಗೆ ನೇರವಾಗಿ ಉತ್ತರ ಹೇಳಬೇಕಾಗಿಲ್ಲದ ಮಂಡಳಿಯ ಕೈಯಲ್ಲಿರುವುದು ಕೆಲಸದ ವೇಗಕ್ಕೆ ಅನುಕೂಲವಾದರೂ, ನನಗೆ ಅದು ಸಂಪೂರ್ಣ ಸಮಾಧಾನಕರವಾಗಿ ತೋರದು. ಏಕೆಂದರೆ, ಏರಿದ ಬೆಲೆಯಲ್ಲಿ ಮಂಡಳಿಗೂ ನಿವೇಶನದಾರನಿಗೂ ಪಾಲಿತ್ತು; ಹೊಲ ಬಿಟ್ಟುಕೊಟ್ಟ ರೈತನಿಗಾದರೋ, 1894ರ ಭೂಸ್ವಾಧೀನ ಕಾಯಿದೆಯ ಪ್ರಕಾರ, ಸ್ವಾಧೀನದ ಪ್ರಕಟಣೆಯ ಕಾಲದ ಬೆಲೆಯೇ ಪರಿಹಾರದ ಆಧಾರವಾಗಿತ್ತು, ಆ ಬಳಿಕ ಯೋಜನೆಯಿಂದಾಗುವ ಏರಿಕೆಯಲ್ಲಿ ಕಾಸೂ ಇರಲಿಲ್ಲ. ರೈತನ ಹೊಲದಂತೆ ಹಳ್ಳಿಯ ಹೆಸರೂ ಬಡಾವಣೆಗೆ ಸಂದಿದೆ: ಪಕ್ಕದ ಹಳ್ಳಿ ತೊಣಚಿಕೊಪ್ಪಲಿನ ಹೆಸರು ಇಂದು ಟಿ.ಕೆ. ಲೇಔಟಿನ ಮೊದಲೆರಡು ಅಕ್ಷರಗಳಾಗಿ ವಿಳಾಸಗಳಿಗೆ ಒದಗುತ್ತಿದೆ.