ಎಂಬೆಡೆಡ್ ಸಾಧನಗಳಲ್ಲಿ ಗ್ರಾಫಿಕ್ಸ್ ರೆಂಡರಿಂಗ್ (ಇತಿಹಾಸ)

ಮೊಬೈಲ್ ಫೋನು, ಕಾರಿನ ಡ್ಯಾಶ್‌ಬೋರ್ಡು, ಆಸ್ಪತ್ರೆಯ ಮಾನಿಟರು, ವಾಷಿಂಗ್ ಮೆಷಿನ್ನಿನ ಪುಟ್ಟ ಪರದೆ ಮುಂತಾದವುಗಳ ಮೇಲೆ ಚಿತ್ರವನ್ನು ಪಿಕ್ಸೆಲ್‌ಗಳಾಗಿ ಮೂಡಿಸುವ ಕೆಲಸ. ಮುಖ್ಯ ಪ್ರೊಸೆಸರಾದ ಸಿಪಿಯು ಇದನ್ನು ಮಾಡಿದರೆ ಸಾಫ್ಟ್‌ವೇರ್ ರೆಂಡರಿಂಗ್; ಇದಕ್ಕೆಂದೇ ಕೂರಿಸಿದ ಸರ್ಕ್ಯೂಟು, ಸಾಮಾನ್ಯವಾಗಿ ಜಿಪಿಯು, ಮಾಡಿದರೆ ಹಾರ್ಡ್‌ವೇರ್ ರೆಂಡರಿಂಗ್. ಮೊದಲು ಸಾಫ್ಟ್‌ವೇರ್ ಇತ್ತು, ಆಮೇಲೆ ಹಾರ್ಡ್‌ವೇರ್ ಬಂದು ಅದನ್ನು ಮೂಲೆಗೆ ಸರಿಸಿತು ಎಂಬ ಕಥೆ ಬಹಳ ಕಡೆ ಸಿಗುತ್ತದೆ. ದಾಖಲೆಗಳನ್ನು ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಹಾರ್ಡ್‌ವೇರ್ ಆಕ್ಸಿಲರೇಷನ್ ಎಂಬ ಒಂದೇ ಮಾತನ್ನು ಎರಡು ಬೇರೆ ಕೆಲಸಗಳಿಗೆ ಬಳಸಿದ್ದರಿಂದ ಗೊಂದಲ ಹುಟ್ಟಿದೆ. ವಿಂಡೋ ಒಳಗೆ ಗೆರೆ, ಅಕ್ಷರ, ಬಣ್ಣ ಬಿಡಿಸುವುದು ಒಂದು. ಬಿಡಿಸಿಟ್ಟ ವಿಂಡೋಗಳನ್ನು ಒಂದರ ಮೇಲೊಂದು ಜೋಡಿಸಿ ಪರದೆಗೆ ಕೊಡುವುದು, ಅಂದರೆ ಕಂಪೋಸಿಟಿಂಗ್, ಇನ್ನೊಂದು.

ಎರಡೂ ಕೆಲಸ ಸಿಪಿಯು ತಲೆಯ ಮೇಲೇ ಇದ್ದ ಕಾಲಕ್ಕೆ ಬೆಂಗಳೂರಿನ ಸಿಂಪ್ಯೂಟರ್ ಒಳ್ಳೆಯ ಉದಾಹರಣೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ ರೂಪಿಸಿದ ಈ ಕೈಗಣಕದಲ್ಲಿ ಇದ್ದದ್ದು ಇಂಟೆಲ್ ಸ್ಟ್ರಾಂಗ್‌ಆರ್ಮ್ ಎಸ್‌ಎ-1110 ಚಿಪ್ಪು, 320×240 ಪರದೆ, ಲಿನಕ್ಸ್. ಆ ಚಿಪ್ಪಿನ ಎಲ್‌ಸಿಡಿ ಕಂಟ್ರೋಲರ್ ಮೆಮೊರಿಯಲ್ಲಿದ್ದ ಚಿತ್ರವನ್ನು ಪರದೆಗೆ ಸಾಗಿಸುತ್ತಿತ್ತು, ಅಷ್ಟೇ. ಚಿತ್ರ ಬರೆಯುವುದು ಸಿಪಿಯು ಕೆಲಸವೇ ಆಗಿತ್ತು. ದಶಾಂಶ ಲೆಕ್ಕಕ್ಕೆ ಬೇಕಾದ ಫ್ಲೋಟಿಂಗ್ ಪಾಯಿಂಟ್ ಘಟಕವೂ ಅದರಲ್ಲಿರಲಿಲ್ಲ. ಇಂಥ ಚಿಪ್ಪುಗಳಿಗೆ ಪ್ರೋಗ್ರಾಮರುಗಳು ಫಿಕ್ಸೆಡ್ ಪಾಯಿಂಟ್ ಲೆಕ್ಕ ಹಿಡಿದರು. 32 ಬಿಟ್‌ಗಳಲ್ಲಿ ಮೇಲಿನ 16 ಪೂರ್ಣಾಂಕಕ್ಕೆ, ಕೆಳಗಿನ 16 ಭಿನ್ನರಾಶಿಗೆ. ಹೀಗೆ 1.5 ಎಂಬುದು 98,304 ಆಗಿ ಕೂರುತ್ತದೆ; ಗುಣಿಸಿದ ಮೇಲೆ 16 ಬಿಟ್ ಬಲಕ್ಕೆ ಸರಿಸಿದರೆ ಉತ್ತರ ಸಿಗುತ್ತದೆ.

ಕ್ರೋನೋಸ್ ಗುಂಪು 2003ರಲ್ಲಿ ಹೊರತಂದ ಓಪನ್‌ಜಿಎಲ್ ಇಎಸ್ 1.0 ಎಂಬ ಗ್ರಾಫಿಕ್ಸ್ ಮಾನದಂಡ ಹಾರ್ಡ್‌ವೇರ್ ಯುಗದ ಬಾಗಿಲು ಎಂದೇ ಹೆಸರಾಗಿದೆ. ಆದರೆ ಅದರ 'ಕಾಮನ್-ಲೈಟ್' ಎಂಬ ರೂಪ ಕೇವಲ ಫಿಕ್ಸೆಡ್ ಪಾಯಿಂಟ್ ಲೆಕ್ಕದ್ದು. ಜಿಪಿಯು ಇಲ್ಲದ ಫೋನುಗಳನ್ನು ಅದು ಕೈಬಿಟ್ಟಿರಲಿಲ್ಲ. ಹೆಲ್ಸಿಂಕಿಯ ಹೈಬ್ರಿಡ್ ಗ್ರಾಫಿಕ್ಸ್ ಇದನ್ನು ಪೂರ್ತಿ ಸಾಫ್ಟ್‌ವೇರಿನಲ್ಲೇ ಬರೆದು ಕೊಟ್ಟಿತು. 2006ರಲ್ಲಿ ಎನ್ವಿಡಿಯ ಆ ಕಂಪನಿಯನ್ನು ಕೊಂಡಿತು. ಅದೇ ವರ್ಷ ನಾರ್ವೆಯ ಫಾಲಾಂಕ್ಸ್ ಆರ್ಮ್ ಕಂಪನಿಯ ಪಾಲಾಯಿತು, ಮಾಲಿ ಜಿಪಿಯುಗಳು ಅಲ್ಲಿಂದ ಬಂದವು. 2007ರ ಮೊದಲ ಐಫೋನಿನಲ್ಲಿ ಪವರ್‌ವಿಆರ್ ಎಂಬಿಎಕ್ಸ್ ಲೈಟ್ ಎಂಬ ಜಿಪಿಯು ಇತ್ತು. ಪರದೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಒಂದೊಂದನ್ನೂ ಚಿಪ್ಪಿನೊಳಗೇ ಮುಗಿಸಿ ಮೆಮೊರಿಗೆ ಬರೆಯುವ ಅದರ ವಿಧಾನ ಬ್ಯಾಟರಿ ಉಳಿಸಿತು. ಶೇಡರ್‌ಗಳನ್ನು, ಅಂದರೆ ಜಿಪಿಯು ಮೇಲೆ ಓಡುವ ಪುಟ್ಟ ಪ್ರೋಗ್ರಾಮುಗಳನ್ನು, ತಂದ ಓಪನ್‌ಜಿಎಲ್ ಇಎಸ್ 2.0 ಕೂಡ ಅದೇ ವರ್ಷದ್ದು.

ಹೆಚ್ಚು ತಪ್ಪುಗಳು ನುಸುಳಿರುವುದು ಆಂಡ್ರಾಯ್ಡ್ ಅಧ್ಯಾಯದಲ್ಲಿ. 2011ರ 3.0 ಆವೃತ್ತಿಯವರೆಗೆ ಆಂಡ್ರಾಯ್ಡ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಇರಲೇ ಇಲ್ಲ ಎಂದು ಎಷ್ಟೋ ಬರಹಗಳಲ್ಲಿದೆ. ಆಂಡ್ರಾಯ್ಡ್ ತಂಡದ ಡಯಾನ್ ಹ್ಯಾಕ್‌ಬಾರ್ನ್ 2011ರ ಡಿಸೆಂಬರಿನಲ್ಲಿ ಇದನ್ನು ಬಹಿರಂಗವಾಗಿ ತಿದ್ದಿದರು. ವಿಂಡೋಗಳ ಜೋಡಣೆ 1.0ಕ್ಕೂ ಮುಂಚಿನಿಂದ ಹಾರ್ಡ್‌ವೇರಿನಲ್ಲೇ ನಡೆಯುತ್ತಿತ್ತು. ವಿಂಡೋ ಒಳಗಿನ ಚಿತ್ರಣ ಮಾತ್ರ ಸಿಪಿಯು ಮೇಲಿತ್ತು. ಅದನ್ನು ಜಿಪಿಯುಗೆ ಒಪ್ಪಿಸುವ ಅವಕಾಶ 3.0ರಲ್ಲಿ ಬಂತು, 4.0ಕ್ಕೆಂದು ಬರೆದ ಆಪ್‌ಗಳಿಗೆ ಅದೇ ರೂಢಿಯಾಯಿತು. ಅವರು ಕೊಟ್ಟ ಇನ್ನೊಂದು ಲೆಕ್ಕ ಇನ್ನೂ ಮುಖ್ಯವಾದದ್ದು, ಅದನ್ನು ಉಲ್ಲೇಖಿಸುವವರು ಕಡಿಮೆ. ನೆಕ್ಸಸ್ ಎಸ್ ಫೋನಿನಲ್ಲಿ ಒಂದು ಪ್ರೋಸೆಸ್ಸು ಓಪನ್‌ಜಿಎಲ್ ಮುಟ್ಟಿದ ಮಾತ್ರಕ್ಕೆ ಸುಮಾರು 8 ಎಂಬಿ ಮೆಮೊರಿ ಹೋಗುತ್ತಿತ್ತು. ಅದಿಲ್ಲದಿದ್ದರೆ ಪ್ರೋಸೆಸ್ಸಿನ ಮೂಲ ಖರ್ಚು ಸುಮಾರು 2 ಎಂಬಿ. ಹೀಗಾಗಿ ಪುಟ್ಟ ವಿಂಡೋಗಳಿಗೆ ಸಿಪಿಯುವೇ ಅಗ್ಗವಾಗುತ್ತಿತ್ತು.

ಎರಡನೆಯ ವಿವಾದ ಡ್ರೈವರ್‌ಗಳದ್ದು. ಚಿಪ್ಪಿನಲ್ಲಿ ಜಿಪಿಯು ಇದ್ದರೂ ಅದನ್ನು ನಡೆಸುವ ಡ್ರೈವರ್ ತಯಾರಕರ ಗುಟ್ಟಾಗಿದ್ದರೆ, ಹೊಸ ಕರ್ನೆಲ್ ಹಾಕಿದ ದಿನ ಸಾಧನ ಮತ್ತೆ ಸಾಫ್ಟ್‌ವೇರ್ ರೆಂಡರಿಂಗಿಗೇ ಬಂದು ನಿಲ್ಲಬಹುದು. 2012ರ ಅಕ್ಟೋಬರಿನಲ್ಲಿ ರಾಸ್ಪ್‌ಬೆರಿ ಪೈ ಫೌಂಡೇಷನ್ ತನ್ನ ಗ್ರಾಫಿಕ್ಸ್ ಡ್ರೈವರ್ ಮುಕ್ತ ಮೂಲವಾಯಿತೆಂದು ಸಾರಿತು. ಲಿನಕ್ಸ್ ಗ್ರಾಫಿಕ್ಸ್ ವಿಭಾಗದ ನಿರ್ವಾಹಕ ಡೇವ್ ಏರ್ಲಿ ಒಪ್ಪಲಿಲ್ಲ. ಬಿಡುಗಡೆಯಾದ ಕೋಡು ಓಪನ್‌ಜಿಎಲ್ ಕರೆಗಳನ್ನು ಸಂದೇಶಗಳಾಗಿ ಕಟ್ಟಿ ಪೈನ ಜಿಪಿಯು ವೀಡಿಯೋಕೋರ್ ಒಳಗಿನ ಮುಚ್ಚಿದ ಫರ್ಮ್‌ವೇರಿಗೆ ದಾಟಿಸುತ್ತಿತ್ತು, ನಿಜವಾದ ಡ್ರೈವರ್ ಆ ಫರ್ಮ್‌ವೇರಿನಲ್ಲೇ ಇತ್ತು. ತಾಂತ್ರಿಕವಾಗಿ ಏರ್ಲಿಯವರ ಮಾತೇ ಸರಿ ಎಂದು ಒಪ್ಪಬೇಕಾಗುತ್ತದೆ. 2014ರ ಫೆಬ್ರವರಿ 28ರಂದು ಆ ಚಿಪ್ಪಿನ ತಯಾರಕ ಬ್ರಾಡ್‌ಕಾಮ್ ವೀಡಿಯೋಕೋರ್ 4ರ ದಾಖಲೆಗಳನ್ನು ಪ್ರಕಟಿಸಿತು. ಮುಕ್ತ ಡ್ರೈವರಿನ ಮೇಲೆ ಕ್ವೇಕ್ 3 ಆಟ ಓಡಿಸಿದವರಿಗೆ ಫೌಂಡೇಷನ್ 10,000 ಡಾಲರ್ ಬಹುಮಾನ ಇಟ್ಟಿತು, ಸೈಮನ್ ಹಾಲ್ ಅದನ್ನು ಗೆದ್ದರು. ಎರಿಕ್ ಆನ್‌ಹೋಲ್ಟ್ ಬರೆದ ವಿಸಿ4 ಡ್ರೈವರ್ ಆ ಬಳಿಕದ್ದು. ಮಾಲಿ ಜಿಪಿಯುಗಳಿಗೆ ಇಂಥ ದಾಖಲೆಯ ನೆರವು ಇರಲಿಲ್ಲ. ಲುಕ್ ವರ್ಹೇಗನ್ 2012ರಲ್ಲಿ ತೋರಿಸಿದ ಲಿಮಾ, ನಂತರದ ಪ್ಯಾನ್‌ಫ್ರಾಸ್ಟ್, ಎರಡೂ ಚಿಪ್ಪಿನ ವರ್ತನೆಯನ್ನು ಬಿಡಿಸಿ ನೋಡಿ ಕಟ್ಟಿದವು. 2019ರ ಲಿನಕ್ಸ್ 5.2ರಲ್ಲಿ ಇವುಗಳಿಗೆ ಜಾಗ ಸಿಕ್ಕಿತು. ಅಷ್ಟು ವರ್ಷಗಳ ಈ ತಾಳ್ಮೆಯ ಕೆಲಸಕ್ಕೆ ಇತಿಹಾಸಗಳಲ್ಲಿ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ.

ಸಾಫ್ಟ್‌ವೇರ್ ರೆಂಡರಿಂಗ್ ಈ ನಡುವೆ ಎಲ್ಲೂ ಹೋಗಿರಲಿಲ್ಲ. ಆಪ್‌ಗಳ ಪರದೆ ಕಟ್ಟುವ ಕ್ಯೂಟಿ ಲೈಬ್ರರಿಯ 2012ರ 5ನೇ ಆವೃತ್ತಿಯಲ್ಲಿದ್ದ ಕ್ಯೂಟಿ ಕ್ವಿಕ್ ಓಪನ್‌ಜಿಎಲ್ ಇಲ್ಲದೆ ನಡೆಯುವಂತಿರಲಿಲ್ಲ, 2017ರ 5.8 ಆವೃತ್ತಿಯಲ್ಲಿ ಸಿಪಿಯು ರೆಂಡರರ್ ಅದರೊಳಗೇ ಸೇರಿತು. ಮೈಕ್ರೋಕಂಟ್ರೋಲರ್‌ಗಳಲ್ಲಿ ಮೆಮೊರಿಯೇ ಇಕ್ಕಟ್ಟು. ಎಸ್‌ಟಿಎಂ32ಎಫ್429 ಚಿಪ್ಪಿನೊಳಗಿನ ರ‍್ಯಾಮ್ 256 ಕೆಬಿ. ಪಿಕ್ಸೆಲ್ಲಿಗೆ 2 ಬೈಟ್‌ನಂತೆ 320×240 ಪರದೆಗೆ 150 ಕೆಬಿ ಸಾಕು, 800×480 ಪರದೆಗೆ 750 ಕೆಬಿ ಬೇಕು. ಹಾಗಾಗಿ ಎಲ್‌ವಿಜಿಎಲ್‌ನಂಥ ಲೈಬ್ರರಿಗಳು ಪರದೆಯ ಹತ್ತನೇ ಒಂದು ಪಾಲಿನಷ್ಟು ಬಫರಿನಲ್ಲೂ ಬದಲಾದ ಭಾಗವನ್ನಷ್ಟೇ ತುಂಡುತುಂಡಾಗಿ ಬಿಡಿಸಿ ಕಳಿಸುತ್ತವೆ. ಅದೇ ಚಿಪ್ಪಿನ ಡಿಎಂಎ2ಡಿ ಘಟಕ ಬಣ್ಣ ತುಂಬುವುದು, ನಕಲು, ಪಾರದರ್ಶಕ ಬೆರಕೆ ಇಷ್ಟನ್ನೇ ವಹಿಸಿಕೊಳ್ಳುತ್ತದೆ. ಅದನ್ನು ಜಿಪಿಯು ಎನ್ನುವುದು ಸರಿಯಾಗದು.

ಅಕ್ಷರಗಳ ಮಟ್ಟಿಗೆ ಇಂದಿನ ಫೋನುಗಳಲ್ಲೂ ಸಿಪಿಯು ಪಾಲು ದೊಡ್ಡದು. ಪರದೆಯ ಮೇಲೆ 'ರಾಷ್ಟ್ರ' ಎಂದು ಮೂಡಬೇಕಾದರೆ ಷಕಾರದ ಕೆಳಗೆ ಟ, ರ ಒತ್ತುಗಳು ಎಲ್ಲಿ ಕೂರಬೇಕೆಂದು ಹಾರ್ಫ್‌ಬಜ್‌ನಂಥ ಲೈಬ್ರರಿ ಸಿಪಿಯು ಮೇಲೆ ಲೆಕ್ಕ ಹಾಕುತ್ತದೆ. ಅಕ್ಷರರೂಪಗಳನ್ನು ಪಿಕ್ಸೆಲ್ ಮಾಡುವುದೂ ಸಾಮಾನ್ಯವಾಗಿ ಅಲ್ಲೇ. ಜಿಪಿಯು ಆ ಸಿದ್ಧ ಚಿತ್ರಗಳನ್ನು ತನ್ನ ಮೆಮೊರಿಯಲ್ಲಿಟ್ಟುಕೊಂಡು ಬೇಕಾದ ಕಡೆ ಅಂಟಿಸುತ್ತದೆ. ಆ ಮೊದಲ ಲೆಕ್ಕಕ್ಕೆ ಜಾಗವಿಲ್ಲದ ಸಣ್ಣ ಸಾಧನಗಳಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ, ಷ್ ಟ್ ರ ಎಂದು ಬಿಡಿಬಿಡಿಯಾಗಿ ಸಾಲಿನಲ್ಲೇ ನಿಲ್ಲುತ್ತವೆ.